ಹತ್ತದ ಕೋಟೆಯ ವರದಿ

ನಾನು ಹೋಗದ ಕಾರ್ಯಕ್ರಮಗಳ ವರದಿಯನ್ನು ಹೋದ ಕಾರ್ಯಕ್ರಮಗಳ ವರದಿಗಿಂತ ಚೆನ್ನಾಗಿ ಬರೆಯುತ್ತಿದ್ದೆ. ಮುಂಬೈಯ ಕನ್ನಡ ದಿನಪತ್ರಿಕೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ವರದಿಗಾರ್ತಿಯಾಗಿದ್ದು ನಿವೃತ್ತಳಾದವಳು ಮೊದಲ ವಾಕ್ಯದಲ್ಲೇ ಹೀಗೆ ಹೇಳಿಕೊಳ್ಳಬಾರದು. ಆದರೆ ಮುಖ್ಯ ವಿಷಯ ಮೊದಲು ಬರಬೇಕು ಎಂಬುದು ನಮ್ಮ ಕಸುಬಿನ ನಿಯಮ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಉಳಿದದ್ದನ್ನು ಓದದಿದ್ದರೂ ಇಷ್ಟನ್ನಾದರೂ ಓದಿರಲಿ.

ಹೋಗದೆ ಬರೆಯುವುದಕ್ಕೆ ಬೇಕಾದದ್ದು ಆಮಂತ್ರಣ ಪತ್ರಿಕೆ ಮಾತ್ರ. ಮುಂಬೈಯ ಕನ್ನಡ ಸಂಘಗಳ ಕಾರ್ಯಕ್ರಮಗಳೆಲ್ಲ ಭಾನುವಾರವೇ. ಒಂದು ಭಾಂಡುಪಿನಲ್ಲಿ, ಒಂದು ಬೊರಿವಲಿಯಲ್ಲಿ, ಇನ್ನೊಂದು ಡೊಂಬಿವಲಿಯಲ್ಲಿ, ಎಲ್ಲವೂ ಹತ್ತು ಗಂಟೆಗೆ. ನಾವಿದ್ದದ್ದು ಇಬ್ಬರು ವರದಿಗಾರರು. ಕಾರ್ಡಿನಲ್ಲಿ ಎಲ್ಲವೂ ಇರುತ್ತಿತ್ತು: ಪ್ರಾರ್ಥನೆ ಇಂಥವರು, ಸ್ವಾಗತ ಇಂಥವರು, ಪ್ರಾಸ್ತಾವಿಕ, ಮುಖ್ಯ ಅತಿಥಿ, ಅಧ್ಯಕ್ಷತೆ, ವಂದನಾರ್ಪಣೆ. ಶನಿವಾರ ಸಂಜೆ ಚಹಾ ಕುಡಿಯುತ್ತಾ ಆ ಕಾರ್ಡನ್ನು ಭೂತಕಾಲಕ್ಕೆ ತಿರುಗಿಸಿದರೆ ವರದಿ ಸಿದ್ಧ. ಇಂಥವರು ಪ್ರಾರ್ಥಿಸಿದರು, ಇಂಥವರು ಸ್ವಾಗತಿಸಿದರು, ಇಂಥವರು ವಂದಿಸಿದರು, ಸದಸ್ಯರು ಹೆಚ್ಚಿನ ಸಂಖ್ಯೆಯಲ್ಲಿ ಉಪಸ್ಥಿತರಿದ್ದರು. ಮುಖ್ಯ ಅತಿಥಿಗಳು ಏನು ಮಾತಾಡಿದರು ಎಂಬುದನ್ನು ಊಹಿಸಲು ವಿಶೇಷ ಪ್ರತಿಭೆ ಬೇಕಿರಲಿಲ್ಲ. ಹೊರನಾಡಿನಲ್ಲಿ ಭಾಷೆ ಉಳಿಯಬೇಕು, ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಲಿಸಬೇಕು ಎಂದು ಬರೆದರೆ ನೂರಕ್ಕೆ ನೂರು ಅವರು ಅದನ್ನೇ ಹೇಳಿರುತ್ತಿದ್ದರು.

ಇದರಲ್ಲೂ ಒಂದು ಶಿಸ್ತಿತ್ತು. ಕಾರ್ಡಿನಲ್ಲಿ ಇಲ್ಲದ್ದನ್ನು ಬರೆಯಬಾರದು. ಚಪ್ಪಾಳೆ ತಟ್ಟಿಸಬಾರದು, ಯಾರ ಕಣ್ಣನ್ನೂ ಒದ್ದೆ ಮಾಡಬಾರದು, ಊಟದಲ್ಲಿ ಏನಿತ್ತು ಎಂದು ಹೇಳಲೇಬಾರದು.

ಈ ಶಿಸ್ತು ಪಾಲಿಸಿದವರೂ ಸಿಕ್ಕಿಬಿದ್ದದ್ದುಂಟು. ನನ್ನ ಸಹೋದ್ಯೋಗಿಯೊಬ್ಬರು ಕಾರ್ಡು ನೋಡಿ ಬರೆದ ವರದಿಯಲ್ಲಿ ಸಂಘದ ಕಾರ್ಯದರ್ಶಿ ವಂದಿಸಿದ್ದರು. ಮರುದಿನ ಕಾರ್ಯದರ್ಶಿಯೇ ಫೋನ್ ಮಾಡಿ, ತಾನು ಅಪೆಂಡಿಕ್ಸ್ ಆಪರೇಷನ್ ಆಗಿ ಶುಕ್ರವಾರದಿಂದ ಆಸ್ಪತ್ರೆಯಲ್ಲಿ ಮಲಗಿರುವುದಾಗಿಯೂ, ಅಲ್ಲಿಂದಲೇ ವಂದಿಸಿದ್ದನ್ನು ಪತ್ರಿಕೆಯಲ್ಲಿ ಓದಿ ಸಂತೋಷವಾಯಿತೆಂದೂ ಹೇಳಿದರು. ಅವರು ದೂರಿದ್ದಲ್ಲ, ನಿಜವಾಗಿ ಸಂತೋಷಪಟ್ಟಿದ್ದರು. ಆದರೆ ಫೋನ್ ಎತ್ತಿದ್ದು ನಮ್ಮ ಸಂಪಾದಕ ಶೆಟ್ಟಿಗಾರರು.

ಶೆಟ್ಟಿಗಾರರು ಉಡುಪಿ ಕಡೆಯವರು. ಧ್ವನಿ ಎತ್ತುತ್ತಿರಲಿಲ್ಲ. ಸಿಟ್ಟು ಬಂದಷ್ಟೂ ಅವರ ಮಾತು ಮೆತ್ತಗಾಗುತ್ತಿತ್ತು. ಅವರು ಪಿಸುಗುಟ್ಟಿದರೆ ಇಡೀ ಆಫೀಸು ಕೇಳಿಸಿಕೊಳ್ಳುತ್ತಿತ್ತು. ಮರುದಿನ ಪತ್ರಿಕೆಯಲ್ಲಿ ತಿದ್ದುಪಡಿ ಬಂತು: ಕಾರ್ಯದರ್ಶಿಯವರು ವಂದಿಸಲಿಲ್ಲ, ಆಸ್ಪತ್ರೆಯಲ್ಲಿದ್ದರು, ಈ ತಪ್ಪು ಬರೆದವರು ಇಂಥವರು. ತಪ್ಪು ಮಾಡಿದವರೇ ತಿದ್ದುಪಡಿ ಬರೆಯಬೇಕು, ಕೆಳಗೆ ತಮ್ಮ ಹೆಸರು ಹಾಕಬೇಕು ಎಂಬುದು ಶೆಟ್ಟಿಗಾರರ ಕಾನೂನು. ಆ ಸಹೋದ್ಯೋಗಿಯನ್ನು ವರದಿಗಾರಿಕೆಯಿಂದ ತೆಗೆದು ನಿತ್ಯ ಪಂಚಾಂಗ ಮತ್ತು ರಾಶಿಫಲದ ಮೂಲೆಗೆ ಕೂರಿಸಿದರು. ನಮ್ಮಲ್ಲಿ ಅದಕ್ಕಿಂತ ಕೆಳಗೆ ಜಾಗವಿರಲಿಲ್ಲ. ನಾನು ಅವರನ್ನು ನೋಡಿ ಮರುಗಿದೆ. ಕಾರ್ಡು ನೋಡಿ ಬರೆಯುವುದನ್ನು ಬಿಡಲಿಲ್ಲ.

ಹಾಗಿರುವಾಗ ಭಾಂಡುಪಿನ ಒಂದು ಸಂಘದಿಂದ ಕಾರ್ಡು ಬಂತು. ‘ಸಯನ್ ಕೋಟೆ ದರ್ಶನ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೋಟೆಯ ಮೇಲೆ. ಎಲ್ಲ ಕನ್ನಡಿಗರಿಗೂ ಆದರದ ಸ್ವಾಗತ.’ ಇತಿಹಾಸದ ನಿವೃತ್ತ ಪ್ರಾಧ್ಯಾಪಕರೊಬ್ಬರ ಉಪನ್ಯಾಸ, ಅವರಿಗೆ ಸನ್ಮಾನ, ಅಧ್ಯಕ್ಷತೆ ಸಂಘದ ಅಧ್ಯಕ್ಷ ಪೂಜಾರಿಯವರದ್ದು. ನಮ್ಮ ‘ಇಂದಿನ ಕಾರ್ಯಕ್ರಮ’ ಅಂಕಣದಲ್ಲಿ ಅದನ್ನು ಹಾಗೆಯೇ ಹಾಕಿದೆವು. ವರದಿಯ ಕೆಲಸ ನನ್ನ ಪಾಲಿಗೆ ಬಂತು. ನಾನು ವಿಜಯಪುರದವಳು, ಕೋಟೆ ಎಂದರೆ ನನಗೆ ತವರುಮನೆ ಇದ್ದಂತೆ ಎಂದು ಶೆಟ್ಟಿಗಾರರ ನಂಬಿಕೆ. ವಿಜಯಪುರದಲ್ಲಿ ಕೋಟೆ ಗೋಡೆಯ ಪಕ್ಕ ಬೆಳೆದವರಿಗೆ ಕೋಟೆಯೆಂದರೆ ಹಾಸಿಗೆ ಒಣಹಾಕುವ ಜಾಗ ಎಂದು ಅವರಿಗೆ ಹೇಳುವವರು ಯಾರು.

ಇನ್ನು ಸಯನ್ ನಾನಿರುವ ಜಾಗವೇ. ಮೂರನೇ ಮಹಡಿಯ ನಮ್ಮ ಅಡುಗೆಮನೆ ಕಿಟಕಿಯಿಂದ ಕೋಟೆಯ ಗುಡ್ಡ ಕಾಣುತ್ತದೆ. ಹತ್ತೊಂಬತ್ತು ವರ್ಷ ಆ ಗುಡ್ಡವನ್ನು ನೋಡುತ್ತಾ ಕುಕ್ಕರಿನ ಸೀಟಿ ಎಣಿಸಿದ್ದೆ, ಒಮ್ಮೆಯೂ ಹತ್ತಿರಲಿಲ್ಲ. ಸಯನ್ನಿನವರು ಹತ್ತುವುದಿಲ್ಲ. ಊರಿನಿಂದ ನೆಂಟರು ಬಂದರೆ ಕೋಟೆಯನ್ನು ಬೆನ್ನಿಗೆ ಹಾಕಿ, ಲೋಕಲ್ ಹಿಡಿದು, ಅವರನ್ನು ಸಮುದ್ರ ತೋರಿಸಲು ಕರೆದೊಯ್ಯುತ್ತೇವೆ.

ದಿನಾ ಕಾಣುವ ಜಾಗ ಎಂಬ ಧೈರ್ಯದಲ್ಲಿ ನಾನು ಆ ಶನಿವಾರ ಶಿಸ್ತು ಮರೆತೆ. ಈ ಮಾತನ್ನು ಹೊಸಬರು ಗುರುತು ಹಾಕಿಕೊಳ್ಳಬೇಕು: ಪತ್ರಕರ್ತರು ದೊಡ್ಡ ತಪ್ಪು ಮಾಡುವುದು ಗೊತ್ತಿಲ್ಲದ ಊರಿನ ಬಗ್ಗೆ ಅಲ್ಲ, ತಮ್ಮ ಬೀದಿಯ ಬಗ್ಗೆ. ಅರವತ್ತಕ್ಕೂ ಹೆಚ್ಚು ಸದಸ್ಯರು ಹುಮ್ಮಸ್ಸಿನಿಂದ ಮೆಟ್ಟಿಲೇರಿದರು ಎಂದು ಬರೆದೆ. ಪ್ರಾಧ್ಯಾಪಕರು ಹಳೆಯ ಬುರುಜಿನ ನೆರಳಿನಲ್ಲಿ ನಿಂತು, ಕಂಪನಿ ಸರಕಾರ ಈ ಕೋಟೆ ಕಟ್ಟಿಸಿದಾಗ ಇದರಾಚೆ ಪೋರ್ಚುಗೀಸರ ಸೀಮೆ ಇತ್ತೆಂದು ವಿವರಿಸಿದರು ಎಂದು ಬರೆದೆ. ಕೆಳಗೆ ಸಮುದ್ರದ ಅಲೆಗಳ ಸದ್ದಿಗೆ ನಾಡಗೀತೆಯ ದನಿ ಬೆರೆಯಿತು ಎಂದೂ ಬರೆದೆ. ಬರೆದದ್ದನ್ನು ಓದಿಕೊಂಡು ನನಗೇ ರೋಮಾಂಚನವಾಯಿತು. ಭಾನುವಾರ ಹತ್ತು ಗಂಟೆಗೆ ಬದನೆಕಾಯಿ ಹೆಚ್ಚುತ್ತಾ ಕಿಟಕಿಯಿಂದ ಗುಡ್ಡದ ಕಡೆ ನೋಡಿದೆ. ಯಾರೂ ಕಾಣಲಿಲ್ಲ. ಮರಗಳ ಮರೆಯಲ್ಲಿ ಇರಬಹುದು ಎಂದುಕೊಂಡು ಒಗ್ಗರಣೆ ಹಾಕಿದೆ.

ಮಂಗಳವಾರ ವರದಿ ಬಂತು. ಬೆಳಿಗ್ಗೆಯೇ ಪೂಜಾರಿಯವರ ಫೋನ್. ವರದಿ ಬಹಳ ಚಂದ ಬಂದಿದೆ, ಇಪ್ಪತ್ತು ಪ್ರತಿ ತರಿಸಿದ್ದೇವೆ, ಒಂದನ್ನು ಲ್ಯಾಮಿನೇಟ್ ಮಾಡಿಸಿ ಸಂಘದ ಗೋಡೆಗೆ ಹಾಕುತ್ತೇವೆ ಎಂದರು. ಅವರ ದನಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಸಮಾಧಾನವಿತ್ತು. ಆಗ ನನಗೆ ಅದು ಹೊಳೆಯಲಿಲ್ಲ.

ಬುಧವಾರ ಮಧ್ಯಾಹ್ನ ಆಫೀಸಿಗೆ ವಯಸ್ಸಾದವರೊಬ್ಬರು ಬಂದರು. ಬಿಳಿ ಪೈಜಾಮ, ಕೊರಳಲ್ಲಿ ಟೇಪು, ಕೈಯಲ್ಲಿ ನೀಟಾಗಿ ಕತ್ತರಿಸಿದ ನನ್ನ ವರದಿ. ಅಷ್ಟು ನೇರವಾಗಿ ಪತ್ರಿಕೆ ಕತ್ತರಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೆಸರು ಮೌಲಾಸಾಬ ನದಾಫ್, ವಿಜಯಪುರ ಜಿಲ್ಲೆಯವರು, ಜೋಗೇಶ್ವರಿಯಲ್ಲಿ ಮಗ ನಡೆಸುವ ಶಾಲಾ ಯೂನಿಫಾರ್ಮ್ ಹೊಲಿಯುವ ಸಣ್ಣ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರು. ನಾನೂ ಆ ಕಡೆಯವಳೆಂದು ಮಾತಿನಲ್ಲೇ ಗುರುತಿಸಿ, ಕುರ್ಚಿ ಎಳೆದುಕೊಂಡು ಕೂತರು.

“ಬಾಯಾರ, ಇದನ್ನ ಬರದವರು ನೀವ ಏನ್ರಿ?”

ಹೌದೆಂದೆ. ಹೊಗಳಲು ಬಂದಿದ್ದಾರೆ ಎಂದುಕೊಂಡು ಚಹಾ ಹೇಳಿದೆ.

“ಹಂಗಾರ ಒಂದ್ ಮಾತ್ ಹೇಳ್ರಿ. ಇವ್ರು ಅರವತ್ತ್ ಮಂದಿ ಯಾವ ಬಾಜೂದಿಂದ ಹತ್ತಿದ್ರು? ನಾ ಎಂಟೂವರಿಂದ ಒಂದರ ತನಾ ಮ್ಯಾಲೇ ಕುಂತಿದ್ನಿ. ಸಂಘದವ್ರು ಒಬ್ರೂ ಬರ್ಲಿಲ್ರಿ.”

ಚಹಾ ಬಂತು. ಅವರು ಕುಡಿದರು. ನಾನು ಕುಡಿಯಲಿಲ್ಲ.

ನಮ್ಮ ‘ಇಂದಿನ ಕಾರ್ಯಕ್ರಮ’ ಓದಿ, ಎಲ್ಲ ಕನ್ನಡಿಗರಿಗೂ ಸ್ವಾಗತ ಎಂದಿದ್ದನ್ನು ನಂಬಿ, ಚುರಮುರಿ ಶೇಂಗಾ ಕಟ್ಟಿಕೊಂಡು ಅವರು ಜೋಗೇಶ್ವರಿಯಿಂದ ಬಂದಿದ್ದರು. ನಾಲ್ಕೂವರೆ ತಾಸು ಕಾದು ಮನೆಗೆ ಹೋಗಿ, ಯಾರೂ ಬರಲಿಲ್ಲ ಎಂದು ಹೇಳಿದ್ದರು. ಎರಡು ದಿನದ ಮೇಲೆ ಪತ್ರಿಕೆ ಬಂತು. ಮಗ ರಫೀಕ್‌ಗೆ ಕನ್ನಡ ಓದಲು ಬರುವುದಿಲ್ಲ. ಬೆಳಗಾವಿ ಕಡೆಯ ಸೊಸೆ ಓದಿ ಹಿಂದಿಯಲ್ಲಿ ಹೇಳಿದ್ದಾಳೆ. ಅರವತ್ತು ಜನ, ಉಪನ್ಯಾಸ, ನಾಡಗೀತೆ, ಅಲೆಗಳ ಸದ್ದು. ಮೊದಲೇ ರಫೀಕ್‌ಗೆ ಅಪ್ಪನಿಗೆ ಮರೆವು ಶುರುವಾಗಿದೆ ಎಂಬ ಅನುಮಾನ. ಹಿಂದಿನ ತಿಂಗಳು ಒಂದು ಥಾನು, ಇಡೀ ಸುರುಳಿ ಬಟ್ಟೆ, ಅಳತೆ ತಪ್ಪಿ ಕತ್ತರಿಸಿದ್ದಕ್ಕೆ ಜಗಳವಾಗಿತ್ತು. ಈಗ ಸಾಕ್ಷಿ ಪತ್ರಿಕೆಯಲ್ಲೇ ಸಿಕ್ಕಿತ್ತು.

“ಮಗ, ‘ಅಬ್ಬಾ, ನೀವು ಬ್ಯಾರೆ ಎಲ್ಲೋ ಹೋಗಿ ಕುಂತು ಬಂದೀರಿ, ಎಲ್ಲಿ ಅಂತ ನಿಮಗ ನೆನಪಿಲ್ಲ’ ಅಂತಾನ್ರಿ. ನಿನ್ನಿಂದ ಕತ್ರಿ ಮುಟ್ಟಗೊಡುವಲ್ಲ. ಇಲ್ಲಿಗೂ ಹೇಳದ ಬಂದೀನಿ. ನಲವತ್ತೈದು ವರ್ಷ ಕತ್ರಿ ಹಿಡದೀನ್ರಿ ಬಾಯಾರ. ಈಗ ಗುಂಡಿ ಎಣಸಾಕ ಹಚ್ಯಾನ.”

ನಾನು ಇಪ್ಪತ್ತು ವರ್ಷದ ಅನುಭವದಲ್ಲಿ ಕಲಿತಿದ್ದ ಎಲ್ಲ ಉಪಾಯಗಳನ್ನೂ ಹೂಡಿದೆ. ನಿಮ್ಮ ಮಗನಿಗೆ ನಾನೇ ಒಂದು ಚೀಟಿ ಬರೆದುಕೊಡುತ್ತೇನೆ ಎಂದೆ. ಫೋನ್ ಮಾಡಿ ಮಾತಾಡುತ್ತೇನೆ ಎಂದೆ. ಬೇಕಾದರೆ ಜೋಗೇಶ್ವರಿಗೆ ಬರುತ್ತೇನೆ ಎಂದೆ. ಮೌಲಾಸಾಬರು ಶಾಂತವಾಗಿ ತಲೆ ಅಲ್ಲಾಡಿಸಿದರು.

“ಪೇಪರ್‌ನಾಗ ಬಂದದ್ದು ಪೇಪರ್‌ನಾಗೇ ಹೋಗಬೇಕ್ರಿ. ಚೀಟಿ ಒಯ್ದ್ರ, ಇದನ್ನೂ ಯಾರೋ ಬರಸಿಕೊಟ್ಟಾರ ಅಂತಾನ ಅವ.”

ಅಷ್ಟರಲ್ಲಿ ಶೆಟ್ಟಿಗಾರರು ತಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಇಬ್ಬರನ್ನೂ ಒಳಗೆ ಕರೆದು, ಮೌಲಾಸಾಬರನ್ನು ಕೂರಿಸಿ, ನನ್ನನ್ನು ನಿಲ್ಲಿಸಿ, ಕೇಳಿಸದಷ್ಟು ಮೆತ್ತಗೆ ಕೇಳಿದರು.

“ಪಾಟೀಲ್ ಮೇಡಂ, ನೀವು ಹೋಗಿದ್ರೋ ಇಲ್ವೋ? ಹೌದು ಅಥವಾ ಇಲ್ಲ. ಅಷ್ಟೇ ಸಾಕು.”

“ಇಲ್ಲ ಸಾರ್.”

ಶೆಟ್ಟಿಗಾರರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ಮೌಲಾಸಾಬರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ನೀವು ಹೋಗಿದ್ದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ಅವರ ದೃಷ್ಟಿಯಲ್ಲಿ ನಾನು ಹೋಗಿರಲಿಲ್ಲ ಎಂಬುದರಿಂದ ಮೌಲಾಸಾಬರು ಹೋಗಿದ್ದರು ಎಂದು ಸಾಬೀತಾಗುತ್ತಿರಲಿಲ್ಲ. ಒಂದು ಸುಳ್ಳನ್ನು ತಿದ್ದಲು ಹೋಗಿ ಇನ್ನೊಂದನ್ನು ಅಚ್ಚು ಹಾಕಿದ ಪತ್ರಿಕೆಗಳನ್ನು ಅವರು ಕಂಡಿದ್ದರು.

ಮೌಲಾಸಾಬರು ಜೇಬಿನಿಂದ ಅಳತೆಯ ಪುಸ್ತಕ ತೆಗೆದರು. ಗಿರಾಕಿಗಳ ಎದೆ, ತೋಳು, ಉದ್ದಗಳ ನಡುವೆ ಒಂದು ಪುಟದಲ್ಲಿ ‘ತೋಪು’ ಎಂದು ಬರೆದಿತ್ತು. ಕೆಳಗೆ ಉದ್ದ, ಸೊಂಟ, ಮೋರಿ ಎಂದರೆ ಪ್ಯಾಂಟಿನ ಕಾಲಿನ ಬಾಯಿ. ಕೋಟೆಯ ಮೇಲೆ ಒಂದು ಹಳೆಯ ಫಿರಂಗಿ ಬಿದ್ದಿದೆಯಂತೆ. ಹತ್ತೂವರೆಯ ಹೊತ್ತಿಗೆ ಮಾಡಲು ಬೇರೇನೂ ತೋಚದೆ ಕೊರಳಲ್ಲಿದ್ದ ಟೇಪಿನಿಂದ ಅದರ ಅಳತೆ ತೆಗೆದಿದ್ದರು.

“ಪ್ಯಾಂಟ್ ಹೊಲಿಯೂದಿದ್ರ ಹೊಲಿಬಹುದ್ರಿ ಸಾಹೇಬ್ರ, ಟ್ರಯಲ್ ಸೈತ ಬೇಕಾಗಂಗಿಲ್ಲ,” ಎಂದರು.

ಶೆಟ್ಟಿಗಾರರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಗು ನಿಲ್ಲಿಸಿ ನನ್ನ ಕಡೆ ನೋಡಿ ಹೇಳಿದರು: “ಈಗಲೇ ಹೋಗಿ. ಇವರ ಪುಸ್ತಕ ಇಲ್ಲಿ ನನ್ನ ಹತ್ರ ಇರ್ಲಿ. ನೀವೇ ಅಳತೆ ತೆಗೆದು ಬರಕೊಂಡು ಬನ್ನಿ. ತಾಳೆ ಆಗ್ತದಾ ನೋಡುವ. ಭಾಂಡುಪಿಗೂ ಫೋನ್ ಮಾಡಿ. ಎರಡು ಕಡೆಯಿಂದ ಗೊತ್ತಾಗ್ಬೇಕು ಮಾರಾಯ್ರೆ.”

ಹೀಗೆ ನಾನು ಸಯನ್ ಕೋಟೆಯನ್ನು ಮೊದಲ ಸಲ ಹತ್ತಿದ್ದು ಅದರ ವರದಿ ಪ್ರಕಟವಾದ ಮರುದಿನ. ಕೆಳಗಿನ ಉದ್ಯಾನ ದಾಟಿ ಮೆಟ್ಟಿಲು ಶುರುವಾಗುವಲ್ಲೇ ನನಗೆ ಏದುಸಿರು. ಹುಮ್ಮಸ್ಸಿನಿಂದ ಏರಿದ ನನ್ನ ಅರವತ್ತು ಮಂದಿಯ ಬಗ್ಗೆ ಅಲ್ಲೇ ಅಪನಂಬಿಕೆ ಹುಟ್ಟಿತು. ಮೌಲಾಸಾಬರು ಮುಂದೆ ಮುಂದೆ ಹೋಗಿ, ಪ್ರತಿ ತಿರುವಿನಲ್ಲೂ ನಿಂತು, ನನ್ನ ವರದಿಯ ತುಣುಕನ್ನು ತೆಗೆದು ಒಂದೊಂದು ಸಾಲು ಓದುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಪ್ರವಾಸಿಗರು ಕೈಪಿಡಿ ಓದುತ್ತಾ ಊರು ನೋಡುವಂತೆ ನೋಡುತ್ತಿದ್ದರು.

“ಬುರುಜಿನ ನೆರಳ ಅಂತೈತ್ರಿ. ಇದ ಏನ್ರಿ ಬುರುಜ?”

ಅದು ಸೂರಿಲ್ಲದ ಒಂದು ಕೋಣೆ. ಗೋಡೆ ಅರ್ಧ ಬಿದ್ದಿತ್ತು. ಉಳಿದ ಅರ್ಧದ ಕಿಟಕಿಯಲ್ಲಿ ಒಂದು ಅರಳಿ ಗಿಡ ಬೆಳೆದಿತ್ತು. ಆ ಹೊತ್ತಿಗೆ ಅದರ ನೆರಳಿನಲ್ಲಿ ಒಂದು ನಾಯಿ ಮಾತ್ರ ಹಿಡಿಯುತ್ತಿತ್ತು, ಅದೂ ಮುದುರಿಕೊಂಡರೆ.

“ಇರಬಹುದು ಕಾಕಾ,” ಎಂದೆ.

“ಸಮುದ್ರದ ಸಪ್ಪಳ ಯಾವ ಕಡಿಂದ ಬರ್ತೈತ್ರಿ?”

ನಾವಿಬ್ಬರೂ ಕಿವಿಗೊಟ್ಟು ನಿಂತೆವು. ಕೆಳಗೆ ಕುರ್ಲಾ ಕಡೆಗೆ ಒಂದು ಲೋಕಲ್ ಹೋಯಿತು. ಹೈವೇಯಲ್ಲಿ ಟ್ರಕ್ಕುಗಳ ಹಾರ್ನು. ದೂರದಲ್ಲಿ ಉಪ್ಪಿನ ಗದ್ದೆಗಳ ಬಿಳಿ ಗೆರೆ, ಅದರಾಚೆ ಖಾಡಿಯ ಬೂದು ಹಿನ್ನೀರು ಅಲ್ಲಾಡದೆ ಬಿದ್ದಿತ್ತು. ಅಲೆ ಎಂಬುದು ಏಳಬೇಕಾದರೆ ಅದು ನನ್ನ ವರದಿ ಓದಿಕೊಂಡೇ ಏಳಬೇಕಿತ್ತು. ಇನ್ನೊಂದು ಬದಿಗೆ ತಿರುಗಿದರೆ ನಮ್ಮ ಬಿಲ್ಡಿಂಗು, ಮೂರನೇ ಮಹಡಿ, ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ನನ್ನ ಹಳದಿ ಸೀರೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿಂದ ಇಲ್ಲಿಗೆ ನಡೆದರೆ ಹತ್ತು ನಿಮಿಷ. ಆ ಸೀರೆಯನ್ನು ನೋಡುವಾಗ ಆದಷ್ಟು ನಾಚಿಕೆ ನನಗೆ ಶೆಟ್ಟಿಗಾರರ ಮುಂದೆ ಆಗಿರಲಿಲ್ಲ.

ಫಿರಂಗಿ ಇತ್ತು. ಮೌಲಾಸಾಬರು ಟೇಪು ನನ್ನ ಕೈಗೆ ಕೊಟ್ಟು ದೂರ ನಿಂತರು. ಸಾಕ್ಷಿ ಹೇಳುವವನು ಅಳತೆ ಮುಟ್ಟಬಾರದು ಎಂಬ ವಿವೇಕ ಅವರಿಗಿತ್ತು. ನಾನು ಮಂಡಿಯೂರಿ ಆ ಕಬ್ಬಿಣದ ಸೊಂಟಕ್ಕೆ ಟೇಪು ಸುತ್ತಿದೆ. ಸಡಿಲ ಹಿಡಿದದ್ದಕ್ಕೆ ಅವರು ದೂರದಿಂದಲೇ ಗದರಿದರು. ಆಫೀಸಿಗೆ ಬಂದು ಪುಸ್ತಕ ತೆರೆದು ನೋಡಿದಾಗ ಉದ್ದ, ಸೊಂಟ, ಮೋರಿ ಮೂರೂ ತಾಳೆಯಾದವು. ಅಳತೆ ಮರೆಯುವ ಮನುಷ್ಯ ಅವರಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಎರಡನೆಯ ಸಾಕ್ಷಿಗಾಗಿ ಪೂಜಾರಿಯವರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಹವಾಮಾನದ ಬಗ್ಗೆ ಮಾತಾಡಿದರು. ಒತ್ತಾಯಿಸಿದ ಮೇಲೆ ನಡೆದದ್ದನ್ನು ಹೇಳಿದರು. ಕೋಟೆಗೆ ಹೊರಡುವ ಮುನ್ನ ಎಲ್ಲರೂ ಪೂಜಾರಿಯವರ ಬಿಲ್ಡಿಂಗಿನ ಸಭಾಗೃಹದಲ್ಲಿ ಉಪಾಹಾರಕ್ಕೆ ಸೇರಿದ್ದಾರೆ. ಉಪ್ಪಿಟ್ಟು, ಶೀರಾ, ಬನ್ಸ್. ಪ್ರಾಧ್ಯಾಪಕರಿಗೆ ಮಧ್ಯಾಹ್ನ ಬೇರೆ ಕಾರ್ಯಕ್ರಮವಿದ್ದುದರಿಂದ ಸನ್ಮಾನವನ್ನು ಉಪಾಹಾರದ ಜೊತೆಗೇ ಮುಗಿಸೋಣ ಎಂದಾಯಿತು. ಸನ್ಮಾನವಾದ ಮೇಲೆ ನಾಲ್ಕು ಮಾತು ಬೇಡವೇ. ಪ್ರಾಧ್ಯಾಪಕರು ಮಾತಾಡಿದರು, ಅಧ್ಯಕ್ಷರು ಮಾತಾಡಿದರು, ಮಾಜಿ ಅಧ್ಯಕ್ಷರು ಇಬ್ಬರೂ ಮಾತಾಡಿದರು. ನೋಡಿದರೆ ಹನ್ನೆರಡು ಗಂಟೆ, ಸುಡುಬಿಸಿಲು. ಶಾಲು ಹೊದ್ದಿದ್ದ ಪ್ರಾಧ್ಯಾಪಕರು ರಿಕ್ಷಾ ಹತ್ತಿ ಹೋದರು. ಅಷ್ಟರಲ್ಲಿ ಯಾರೋ ಒಬ್ಬರಿಗೆ ಅಂದು ಹಳಿ ದುರಸ್ತಿಗೆ ಲೋಕಲ್ ಟ್ರೈನುಗಳನ್ನು ನಿಲ್ಲಿಸುವ ಮೆಗಾ ಬ್ಲಾಕ್ ಎಂದು ನೆನಪಾಯಿತು. ಪ್ರತಿ ಭಾನುವಾರ ಇರುವಂಥದ್ದೇ.

“ಕೋಟೆ ಎಲ್ಲಿಗೆ ಹೋಗ್ತದೆ ಮೇಡಂ, ಅಲ್ಲೇ ಉಂಟಲ್ಲ,” ಎಂದರು ಪೂಜಾರಿಯವರು. “ತಿದ್ದುಪಡಿ ಎಲ್ಲ ಯಾಕೆ? ನಮಗೇನೂ ತಕರಾರಿಲ್ಲ. ಲ್ಯಾಮಿನೇಷನ್ ಸಹ ಆಗಿ ಬಂದಾಯ್ತು.”

ನಿಮಗೆ ತಕರಾರಿಲ್ಲ, ಜೋಗೇಶ್ವರಿಯಲ್ಲಿ ಒಬ್ಬರ ಕೈಯಿಂದ ಕತ್ತರಿ ಹೋಗಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗಲು ಮನಸ್ಸಾಗಲಿಲ್ಲ.

ತಿದ್ದುಪಡಿ ಬರೆಯಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಮೊದಲ ಕರಡಿನಲ್ಲಿ ‘ಅನಿವಾರ್ಯ ಕಾರಣಗಳಿಂದ’ ಎಂದಿತ್ತು, ಶೆಟ್ಟಿಗಾರರು ಹೊಡೆದುಹಾಕಿದರು. ಎರಡನೆಯದರಲ್ಲಿ ‘ಕಣ್ತಪ್ಪಿನಿಂದ’ ಎಂದಿತ್ತು. ಕಣ್ಣನ್ನು ಒಯ್ದೇ ಇರಲಿಲ್ಲವಲ್ಲ, ಅದು ಹೇಗೆ ತಪ್ಪುತ್ತದೆ ಎಂದು ಕೇಳಿದರು. ಕೊನೆಗೆ ಶುಕ್ರವಾರ ಅಚ್ಚಾದದ್ದು ಇಷ್ಟು:

‘ಸಯನ್ ಕೋಟೆ ದರ್ಶನದ ಬಗ್ಗೆ ಮಂಗಳವಾರ ಪ್ರಕಟವಾದ ವರದಿ ನಿಜವಲ್ಲ. ಕಾರ್ಯಕ್ರಮ ಭಾಂಡುಪಿನಲ್ಲಿ ಉಪಾಹಾರದೊಂದಿಗೆ ಮುಕ್ತಾಯವಾಯಿತು. ವರದಿಗಾರ್ತಿ ಮನೆಯಲ್ಲಿದ್ದರು. ಅಂದು ಬೆಳಿಗ್ಗೆ ಎಂಟೂವರೆಯಿಂದ ಒಂದು ಗಂಟೆಯವರೆಗೆ ಕೋಟೆಯ ಮೇಲೆ ಹಾಜರಿದ್ದವರು ಜೋಗೇಶ್ವರಿಯ ಕಟಿಂಗ್ ಮಾಸ್ತರ್ ಮೌಲಾಸಾಬ ನದಾಫ್ ಮಾತ್ರ. ಕೋಟೆಯಿಂದ ಅಲೆಗಳ ಸದ್ದು ಕೇಳಿಸುವುದಿಲ್ಲ.’ ಕೆಳಗೆ ನನ್ನ ಪೂರ್ತಿ ಹೆಸರು.

ಮೂರು ತಿಂಗಳು ನಾನು ಪಂಚಾಂಗದ ಮೂಲೆಯಲ್ಲಿ ಕೂತೆ. ಅದು ಶಿಕ್ಷೆಯಲ್ಲ, ಶಿಕ್ಷಣ. ಸಂಘದ ವರದಿಯಲ್ಲಿ ಅರವತ್ತು ಸುಳ್ಳು ಮನುಷ್ಯರನ್ನು ಗುಡ್ಡ ಹತ್ತಿಸಿದರೆ ಒಬ್ಬರು ಬಂದು ಕೇಳುತ್ತಾರೆ. ಏಕಾದಶಿಯನ್ನು ಒಂದು ದಿನ ಮುಂಚೆ ಹಾಕಿದರೆ ದಕ್ಷಿಣದವರೇ ತುಂಬಿರುವ ಇಡೀ ಮಾಟುಂಗಾ ಉಪವಾಸವಿದ್ದು ಫೋನ್ ಮಾಡುತ್ತದೆ. ನಾನು ವಾಪಸು ಬರುವಷ್ಟರಲ್ಲಿ ಶೆಟ್ಟಿಗಾರರು ಹೊಸ ಪದ್ಧತಿ ತಂದಿದ್ದರು. ಪ್ರತಿ ಆಮಂತ್ರಣ ಪತ್ರಿಕೆಯ ಹಿಂದೆ, ಕಾರ್ಡಿನಲ್ಲಿ ಹೆಸರಿಲ್ಲದ ಒಬ್ಬ ಸಭಿಕರ ಹೆಸರು ಮತ್ತು ಊರು ಬರೆದು ತರಬೇಕು. ಇಲ್ಲದಿದ್ದರೆ ವರದಿಯಿಲ್ಲ. ಈಗ ಕಾರ್ಡೇ ಇಲ್ಲ. ಸಂಘಗಳೇ ವಾಟ್ಸ್ಆ್ಯಪ್‌ನಲ್ಲಿ ಪೂರ್ತಿ ವರದಿ ಕಳಿಸುತ್ತವೆ. ಭಾನುವಾರದ ಕಾರ್ಯಕ್ರಮ ಯಶಸ್ವಿಯಾಗಿ ನಡೆಯಿತು ಎಂಬ ವರದಿ ಶುಕ್ರವಾರವೇ ಬಂದಿರುತ್ತದೆ ಎಂದು ಈಗಿನವರು ನನಗೆ ಹೇಳಿದರು. ಬಂದ ದಿನ ಯಾವುದೆಂದು ನೋಡಿಕೊಳ್ಳಿ ಎಂದಷ್ಟೇ ನಾನು ಹೇಳಬಲ್ಲೆ.

ತಿದ್ದುಪಡಿ ಬಂದ ಶುಕ್ರವಾರ ಹನ್ನೊಂದು ಗಂಟೆಗೆ ಜೋಗೇಶ್ವರಿಯಿಂದ ಫೋನ್ ಬಂತು. ಹಿಂದೆ ಹೊಲಿಗೆ ಯಂತ್ರಗಳ ಸದ್ದು. ಮಾತಾಡಿದವನು ರಫೀಕ್. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತು ತಡವರಿಸುತ್ತಿತ್ತು.

“ಮೇಡಂ, ಮೇರಿ ಮಿಸೆಸ್ ನೆ ಓದಿ ಬತಾಯಾ. ಅಬ್ಬಾ ಹೇಳಿದ್ದು ಸಚ್ಚೀ ಖರೆ? ಪೇಪರ್‌ವಾಲೇ ತಪ್ಪಾ?”

“ಖರೆ. ನಿಮ್ಮ ಅಬ್ಬಾ ಹೋಗಿದ್ರು. ನಾ ಹೋಗಿರಲಿಲ್ಲ. ಹೋಗಿದ್ದೀನಿ ಅಂತ ಬರದೆ.”

ಯಂತ್ರಗಳು ಒಂದೊಂದಾಗಿ ನಿಂತವು. ಕೆಲಸಗಾರರು ಕೇಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಆಮೇಲೆ ರಫೀಕ್ ಫೋನಿನಿಂದ ಬಾಯಿ ಸರಿಸಿ ಯಾರಿಗೋ ಹಿಂದಿಯಲ್ಲಿ, ಹೊಸ ಥಾನು ಅಬ್ಬಾನ ಟೇಬಲ್ ಮೇಲೆ ಹಾಕು, ಉಳಿದವರು ಅದನ್ನು ಮುಟ್ಟುವುದು ಬೇಡ ಎಂದ. ಫೋನನ್ನು ಅಪ್ಪನ ಕೈಗೆ ಕೊಟ್ಟ.

ಮೌಲಾಸಾಬರು ಧನ್ಯವಾದ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ದನಿ ತಗ್ಗಿಸಿ, “ಬಾಯಾರ, ಇದರಾಗೂ ಒಂದ್ ತಪ್ಪೈತ್ರಿ,” ಎಂದರು.

ನಾನು ಪತ್ರಿಕೆ ಎಳೆದುಕೊಂಡು ತಿದ್ದುಪಡಿಯ ಪುಟ ತೆರೆದೆ.

“ನಾ ಒಬ್ಬನ ಇದ್ನಿ ಅಂತ ಬರದೀರಿ. ಸಂಘದವ್ರು ಬರ್ಲಿಲ್ಲ, ಅದು ಖರೆ. ಆದರ ಹಿಂದಿನ ಗ್ವಾಡಿ ಮರಿಗೆ ಎರಡ್ ಜೋಡಿ ಹುಡುಗ ಹುಡುಗ್ಯಾರು ಕುಂತಿದ್ರು ನೋಡ್ರಿ. ಮುಂಜಾನಿಂದ. ನನ್ನ ಶೇಂಗಾದಾಗ ಅವರಿಗೂ ಪಾಲ ಕೊಟ್ಟೇನಿ.”

ಒಮ್ಮೆ ಕಲಿತ ಪಾಠ ಬಿಸಿಯಾಗಿಯೇ ಇತ್ತು. ಹಾಗಿದ್ದರೆ ಈಗಲೇ ಸಂಪಾದಕರಿಗೆ ಹೇಳುತ್ತೇನೆ, ನಾಳೆ ಇನ್ನೊಂದು ತಿದ್ದುಪಡಿ ಹಾಕುತ್ತೇವೆ ಎಂದೆ.

“ಬ್ಯಾಡ್ರಿ, ಬ್ಯಾಡ್ರಿ,” ಎಂದರು ಮೌಲಾಸಾಬರು. “ಅವರ ಮನ್ಯಾಗೂ ಪೇಪರ್ ಓದವ್ರು ಇರ್ತಾರ.”